ಮಾವಿನ ಸಿಪ್ಪೆಗೆ ಗೂಡಿನ ಬಿಸಿ

ಏಪ್ರಿಲ್ 21, ಸೋಮವಾರ

ಶ್ರೀಮತ್ಸಕಲಫಲರಾಜ ಮಾವಿನ ಸಿಪ್ಪೆ ಸಂಸ್ಥಾನದ ಆಸ್ಥಾನ ಗ್ರಂಥವೂ, ಇನ್ನೂರು ಪುಟಗಳ ಏಕಚ್ಛತ್ರಾಧಿಪತಿಯೂ, ರಾಮನಗರದ ಐಜೂರು ಸರ್ಕಲ್ಲಿನ ಒಂದು ಅಂಗಡಿಯಲ್ಲಿ ಅವತರಿಸಿ ನನ್ನ ಕೈಸೇರಿದ್ದೂ ಆದ ನೋಟ್‌ಬುಕ್ ಮಹಾಸನ್ನಿಧಾನದ ಪಾದಾರವಿಂದಗಳಿಗೆ, ಎಂಎಸ್ಸಿ ಆಹಾರ ವಿಜ್ಞಾನ ನಾಲ್ಕನೇ ಸೆಮಿಸ್ಟರಿನ ಬಡ ಪ್ರಜೆ, ಉಯ್ಯಂಬಳ್ಳಿ ದೊಡ್ಡಲಕ್ಷ್ಮಮ್ಮನವರ ಏಕೈಕ ಪುತ್ರಿ ಸುಮನಾ ಮಾಡುವ ಸಾಷ್ಟಾಂಗ ಪ್ರಣಾಮಗಳು.

ಅರಿಕೆ ಏನೆಂದರೆ, ಇಂದಿನಿಂದ ತಾವು ನನ್ನ ದಿನಚರಿ. ಈ ಹುದ್ದೆಗೆ ತಾವು ಅರ್ಜಿ ಹಾಕಿರಲಿಲ್ಲ ಎಂಬುದು ನನಗೆ ಗೊತ್ತು. ಬೇರೆ ಅಭ್ಯರ್ಥಿಗಳು ಯಾರೂ ಇಲ್ಲದ ಕಾರಣ ತಮ್ಮನ್ನೇ ನೇಮಿಸಲಾಗಿದೆ.

ಕೆಲಸದ ವಿವರ. ಹಣ್ಣಿನ ರಸ ತೆಗೆಯುವ ಕಾರ್ಖಾನೆಗಳು ಮಾವಿನ ಸಿಪ್ಪೆಯನ್ನು ಗುಡ್ಡೆ ಹಾಕಿ ಬಿಸಾಡುತ್ತವೆ. ಆ ಸಿಪ್ಪೆಯಲ್ಲಿ ತಿರುಳಿಗಿಂತ ಹೆಚ್ಚು ಪಾಲಿಫಿನಾಲ್ ಇದೆ, ಜೊತೆಗೆ ಕ್ಯಾರೊಟಿನ್, ವಿಟಮಿನ್ ಸಿ, ನಾರು. ಎಲ್ಲವೂ ಮನುಷ್ಯನಿಗೆ ಒಳ್ಳೆಯವು. ಆದರೆ ಎರಡು ದಿನ ಇಟ್ಟರೆ ಸಿಪ್ಪೆ ಕೊಳೆಯುತ್ತದೆ. ಒಣಗಿಸಿದರೆ ಉಳಿಯುತ್ತದೆ, ಒಣಗಿಸುವಾಗಲೇ ಗುಣದಲ್ಲಿ ಅರ್ಧ ಓಡಿಹೋಗುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಎಷ್ಟು ಉಳಿಯುತ್ತದೆ, ನೆರಳಲ್ಲಿ ಎಷ್ಟು, ಓವನ್ನಿನಲ್ಲಿ ಎಷ್ಟು? ಇದನ್ನು ಕಂಡುಹಿಡಿದು ಜೂನ್ 27ರಂದು ಪರೀಕ್ಷಕರ ಮುಂದೆ ನಿಲ್ಲಬೇಕು.

ಮೂಲತಃ ಇದು ಇಬ್ಬರ ಪ್ರಾಜೆಕ್ಟು. ಇನ್ನೊಬ್ಬಳು ಜುವೇರಿಯಾ. ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಕಡೆಯುವ ರಸೂಲ್ ಚಾಚಾ ಅವರ ಮಗಳು, ಐದು ವರ್ಷದಿಂದ ನನ್ನ ಪಕ್ಕದ ಸೀಟು. ಮಾರ್ಚ್ ಕೊನೆಯ ವಾರ ನಾನೊಂದು ತಮಾಷೆ ಮಾಡಿದೆ. ಮೈಸೂರಿನ ಒಂದು ಸಂಶೋಧನಾಲಯದಲ್ಲಿ ಮೂರು ತಿಂಗಳ ತರಬೇತಿಗೆ ಅವಳು ಆಯ್ಕೆಯಾಗಿದ್ದಾಳೆ ಎಂದು, ನಾನೇ ಹೆಸರಿಟ್ಟ ಸಂಸ್ಥೆಯ ಸೀಲು ಸಮೇತ, ಪತ್ರ ತಯಾರಿಸಿ ಅವಳ ಬ್ಯಾಗಿಗೆ ತುರುಕಿದೆ. ಅವಳು ನಂಬಿಬಿಟ್ಟಳು. ಮಾರನೆಯ ದಿನ ಸತ್ಯ ತಿಳಿದ ಮೇಲೆ ನನ್ನೊಂದಿಗೆ ಮಾತು ಬಿಟ್ಟು, ಪನೀರಿನ ಮೇಲೆ ಪ್ರಾಜೆಕ್ಟು ಮಾಡುವ ಗುಂಪಿಗೆ ಸೇರಿಕೊಂಡಳು. ಇಷ್ಟೇ ಸಂಗತಿ. ಹಾಸ್ಯಪ್ರಜ್ಞೆಯ ಕೊರತೆ ಎಂದು ದಾಖಲಿಸಿಕೊಳ್ಳತಕ್ಕದ್ದು.

ಉದಾರ ಮನಸ್ಸಿನಿಂದ ಕ್ಷಮಾಪಣಾ ಪತ್ರ ಸಂಖ್ಯೆ 1ನ್ನು ಇಂದು ವಾಟ್ಸಾಪಿನಲ್ಲಿ ರವಾನಿಸಿದ್ದೇನೆ: ‘ಘನವೆತ್ತ ಜುವೇರಿಯಾ ಬೇಗಂ ಸಾಹೇಬರ ದರ್ಬಾರಿಗೆ, ಕೆಳಗೆ ರುಜು ಮಾಡಿರುವ ಅಪರಾಧಿಯು ಮಂಡಿಯೂರಿ, ತಲೆಯ ಮೇಲೆ ಮಾವಿನ ಸಿಪ್ಪೆ ಹೊತ್ತು...’ ಎಂದು ಮುಂದುವರಿಯುತ್ತದೆ. ಉತ್ತರ ನಿರೀಕ್ಷಿಸಲಾಗುತ್ತಿದೆ.

ಏಪ್ರಿಲ್ 24, ಗುರುವಾರ

ಚನ್ನಪಟ್ಟಣದ ಆಚೆಯ ಕಾರ್ಖಾನೆಯಿಂದ ಎರಡು ಚೀಲ ಬಾದಾಮಿ ಮಾವಿನ ಸಿಪ್ಪೆಯೊಂದಿಗೆ ಬಸ್ಸಿನಲ್ಲಿ ವಿಜಯಯಾತ್ರೆ. ಕಂಡಕ್ಟರು ಮೂಗು ಮುಚ್ಚಿಕೊಂಡು, “ಏನಮ್ಮಾ ಇದು?” ಎಂದರು.

“ಮದುವೆಮನೆ ಹಣ್ಣು ಸಾರ್,” ಎಂದೆ. “ಹಣ್ಣನ್ನ ಮದುವೆಯವರು ತಿಂದ್ಬುಟ್ರು.”

ಒಳ್ಳೆಯ ಮಾತೇ. ಯಾರೂ ನಗಲಿಲ್ಲ. ಜುವೇರಿಯಾ ಇದ್ದಿದ್ದರೆ ಮುಖವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಭುಜ ಕುಲುಕಿಸುತ್ತಿದ್ದಳು. ಅದನ್ನು ಕಂಡು ನಾನು ಎರಡನೆಯದನ್ನು ಬಿಡುತ್ತಿದ್ದೆ. ಒಬ್ಬಳೇ ಇದ್ದಾಗ ಒಂದಕ್ಕೇ ನಿಂತುಹೋಗುತ್ತದೆ ಎಂದು ಇವತ್ತು ಗೊತ್ತಾಯಿತು.

ನನ್ನ ರೂಮು ಖುರ್ಷಿದಾ ಆಪಾ ಅವರ ಮನೆಯ ಮಹಡಿಯಲ್ಲಿದೆ. ಕೆಳಗೆ ಅವರದೇ ರೇಷ್ಮೆ ಬಿಚ್ಚುವ ಶೆಡ್ಡು. ಬಿಸಿನೀರಲ್ಲಿ ಗೂಡು ಕುದಿಸಿ ಎಳೆ ತೆಗೆದು ತೆಗೆದು ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿವೆ. ನಾನು ಚೀಲ ಇಳಿಸುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಹಣ್ಣೆಲ್ಲಮ್ಮಾ?”

“ಹಣ್ಣಿಲ್ಲ ಆಪಾ, ಸಿಪ್ಪೆ ಮಾತ್ರ.”

“ಯಾ ಅಲ್ಲಾ! ಹಣ್ಣು ಯಾರ್ಗೋ ಕೊಟ್ಟು ಸಿಪ್ಪೆ ಹೊತ್ಕಂಡು ಬಂದಿದ್ದೀಯಾ? ಇದನ್ನ ಕಲಿಯೋಕೆ ಕಾಲೇಜು ಬೇರೆ ಐತಾ?”

“ಎರಡು ವರ್ಷ ಓದ್ಬೇಕು ಆಪಾ.”

“ನಮ್ಮನೆ ಮೇಕೆ ಹುಟ್ತಾನೇ ಕಲ್ತಿತ್ತು.”

ಒಪ್ಪಿಕೊಳ್ಳಬೇಕು, ಇದು ನನ್ನ ಕಂಡಕ್ಟರ್ ಮಾತಿಗಿಂತ ಮೇಲು.

ಏಪ್ರಿಲ್ 29, ಮಂಗಳವಾರ

ಅವ್ವ ಊರಿನಿಂದ ಬಸ್ಸಿಗೆ ಹಾಕಿದ್ದ ಎರಡು ಚಂದ್ರಿಕೆ ಬಂದವು. ಹಣ್ಣಾದ ರೇಷ್ಮೆಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗಳು ಇವು, ಸುತ್ತು ಸುತ್ತಾಗಿ ದಬ್ಬೆ ಕೂರಿಸಿದ್ದು. ಗಾಳಿ ಮೇಲಿಂದಲೂ ಆಡುತ್ತದೆ, ಕೆಳಗಿಂದಲೂ ಆಡುತ್ತದೆ. ಕಾಲೇಜಿನ ಫ್ರೀಜರಿನಲ್ಲಿ ಕಾದಿದ್ದ ಸಿಪ್ಪೆ ಹರಡಲು ಇದಕ್ಕಿಂತ ಒಳ್ಳೆಯ ಸಿಂಹಾಸನ ಜಗತ್ತಿನಲ್ಲಿಲ್ಲ. ಈ ಉಪಾಯ ನನ್ನದೇ ಎಂಬುದನ್ನು ಮುಂದಿನ ಪೀಳಿಗೆಗಾಗಿ ದಾಖಲಿಸುತ್ತೇನೆ.

ಅವ್ವ ಫೋನು ಮಾಡಿತು. “ಸೇರ್ತಾ ಮಗಾ?”

“ಸೇರ್ತವ್ವಾ.”

“ಚೆನ್ನಾಗ್ ತೊಳ್ದು ಕಳ್ಸಿವ್ನಿ ಕಣವ್ವಾ, ನಿನ್ ಓದಿನ್ ಸಾಮಾನು ಅಂತ. ಉಂಡ್ಯಾ?”

“ಉಂಡೆ.”

ಉಂಡಿರಲಿಲ್ಲ.

ಸಾಮ್ರಾಜ್ಯವನ್ನು ಮೂರು ಪ್ರಾಂತ್ಯವಾಗಿ ವಿಭಜಿಸಲಾಯಿತು. ಬಿಸಿಲು ಪ್ರಾಂತ್ಯ ತಾರಸಿಯಲ್ಲಿ, ಒಂದು ಚಂದ್ರಿಕೆಯ ಮೇಲೆ. ನೆರಳು ಪ್ರಾಂತ್ಯ ನನ್ನ ಮಂಚದ ಪಕ್ಕ, ಇನ್ನೊಂದು ಚಂದ್ರಿಕೆಯ ಮೇಲೆ. ಓವನ್ ಪ್ರಾಂತ್ಯ ಕಾಲೇಜಿನಲ್ಲಿ, ಸ್ಟೀಲು ತಟ್ಟೆಯಲ್ಲಿ, ಅರವತ್ತು ಡಿಗ್ರಿ. ಪಟ್ಟಾಭಿಷೇಕದ ಸಮಯದಲ್ಲಿ ನಾನೊಬ್ಬಳೇ ಹಾಜರಿದ್ದೆ. ಭಾಷಣ ಮಾಡಿದೆ. ಚಪ್ಪಾಳೆಯನ್ನೂ ನಾನೇ ತಟ್ಟಿದೆ.

ಪತ್ರ ಸಂಖ್ಯೆ 2 ರವಾನೆ. ಪ್ರಾಸಬದ್ಧವಾಗಿತ್ತು. ಉತ್ತರ ಬಂದಿಲ್ಲ.

ಮೇ 6, ಮಂಗಳವಾರ

ದುರಂತ.

ಪರೀಕ್ಷೆ ಹೀಗೆ: ಒಣ ಸಿಪ್ಪೆಯ ಪುಡಿಯ ಸಾರ ತೆಗೆದು, ಅದಕ್ಕೊಂದು ಹಳದಿ ದ್ರಾವಣ, ಆಮೇಲೆ ಸೋಡಾ ದ್ರಾವಣ ಹಾಕಿ ಕಾಯಬೇಕು. ಪಾಲಿಫಿನಾಲ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಓವನ್ನಿನ ಸಿಪ್ಪೆ ಪೆನ್ನಿನ ಶಾಯಿಯ ಹಾಗೆ ನೀಲಿಯಾಯಿತು. ಬಿಸಿಲಿನದು, ನೆರಳಿನದು ಎರಡೂ ನೀರು ನೀರು. ಕಾದೆ. ಇನ್ನರ್ಧ ಗಂಟೆ ಕಾದೆ. ಗದರಿದೆ ಕೂಡ.

ನಮ್ಮ ಗೈಡ್ ಬೈರಪ್ಪ ಸರ್ ನಳಿಕೆಗಳನ್ನು ಕಿಟಕಿಗೆ ಹಿಡಿದು ನೋಡಿದರು. “ಬಿಸಿಲು ತಿಂದಿರ್ಬೋದು ಅನ್ಕೊಳ್ಳೋಣ ಕಣಮ್ಮಾ. ನೆರಳು ಏನು ತಿಂತು?”

ಇಂಥ ಹೊತ್ತಿನಲ್ಲಿ ಜುವೇರಿಯಾ ಕನ್ನಡಕ ತೆಗೆದು ಒರೆಸಿ, “ಒಂದ್ನಿಮಿಷ, ಮೊದಲಿಂದ ಹೇಳು,” ಎನ್ನುತ್ತಿದ್ದಳು. ಮೊದಲಿಂದ ಹೇಳುತ್ತಾ ಹೋದರೆ ತಪ್ಪು ತಾನಾಗಿಯೇ ಸಿಗುತ್ತಿತ್ತು. ನನಗೆ ನಾನೇ ಮೊದಲಿಂದ ಹೇಳಿಕೊಂಡೆ. ನಾನು ಒಳ್ಳೆಯ ಕೇಳುಗಿಯಲ್ಲ.

ಮೇ 8, ಗುರುವಾರ

ಖುರ್ಷಿದಾ ಆಪಾ ಬಟ್ಟೆ ಒಣಹಾಕಲು ತಾರಸಿಗೆ ಬಂದವರು ಚಂದ್ರಿಕೆಯ ಹತ್ತಿರ ನಿಂತು ಮೂಗೇರಿಸಿದರು.

“ಇದೇನಮ್ಮಾ, ಬ್ಲೀಚಿಂಗ್ ಪೌಡರ್ ಹಾಕಿದ್ದೀಯಾ ಸಿಪ್ಪೆಗೆ?”

“ಇಲ್ವಲ್ಲ ಆಪಾ.”

“ಸುಳ್ಳೇಳ್ಬೇಡ. ಗಮ್ಮನ್ನುತ್ತೈತೆ.”

ಬಗ್ಗಿ ಮೂಸಿದೆ. ನನಗೇನೂ ಹೊಡೆಯಲಿಲ್ಲ. ಬಿದಿರಿಗೆ ಮೂಗು ತಾಗಿಸಿ ಇನ್ನೊಮ್ಮೆ ಮೂಸಿದೆ. ಆಗ ಗೊತ್ತಾಯಿತು.

ಅವ್ವ ತೊಳೆದು ಕಳಿಸಿತ್ತಲ್ಲ. ನಮ್ಮ ಕಡೆ ಹುಳದ ಸಾಮಾನು ತೊಳೆಯುವುದೆಂದರೆ ಬ್ಲೀಚಿಂಗ್ ನೀರಲ್ಲಿ ಅದ್ದಿ ತೆಗೆಯುವುದು. ಹುಳಕ್ಕೆ ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ, ಅದಕ್ಕೇ ಚಂದ್ರಿಕೆ, ತಟ್ಟೆ, ಬಾಗಿಲ ಮುಂದಿನ ಕಾಲೊರಸು, ಎಲ್ಲಕ್ಕೂ ಅದೇ ನೀರು. ನನ್ನ ಓದಿನ ಸಾಮಾನು ಅಂತ ಅವ್ವ ಒಂದು ಹಿಡಿ ಜಾಸ್ತಿಯೇ ಹಾಕಿರಬೇಕು. ಪಾಲಿಫಿನಾಲನ್ನು ಕೊಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯ ವಿಷ ಹುಡುಕಿದರೂ ಸಿಗದು. ಬೇರೆ ಯಾರೇ ಆಗಿದ್ದರೂ ಮೊದಲ ದಿನವೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನ್ನ ಮೂಗಿಗೆ ಅದು ವಾಸನೆಯೇ ಅಲ್ಲ, ಮನೆ.

ಎರಡು ವಾರದ ಕೆಲಸ ತಿಪ್ಪೆಗೆ.

ಸಂಜೆ ಅವ್ವನ ಫೋನು. “ಚಂದ್ರಿಕೆ ಉಪ್ಯೋಗಕ್ ಬಂತಾ?”

“ಬಾಳಾ ಬಂತವ್ವಾ.”

“ನೋಡ್ದಾ ಮತ್ತೆ!”

ಈ ತಮಾಷೆಯನ್ನು ಯಾರಿಗೂ ಹೇಳುವುದಿಲ್ಲ.

ಮೇ 14, ಬುಧವಾರ

ಸಿಪ್ಪೆ ತಂದೆ. ತೊಳೆದೆ. ಈ ಸಲ ಸ್ಟೀಲು ಜಾಲರಿಯ ಮೇಲೆ ಹರಡಿದೆ. ಇಡೀ ದಿನದಲ್ಲಿ ಆಡಿದ ಮಾತು ಬಸ್ಸಿನಲ್ಲಿ “ಕಾಲೇಜ್ ಸ್ಟಾಪು” ಎಂದದ್ದು ಒಂದೇ.

ಪತ್ರ ಸಂಖ್ಯೆ 4. ಉತ್ತರವಿಲ್ಲ.

ಮೇ 20, ಮಂಗಳವಾರ

ಎರಡನೇ ಸುತ್ತಿನ ಫಲಿತಾಂಶ. ತಾಜಾ ಸಿಪ್ಪೆಯಲ್ಲಿರುವ ಪಾಲಿಫಿನಾಲನ್ನು ನೂರು ಎಂದಿಟ್ಟುಕೊಂಡರೆ ಓವನ್ನಿನಲ್ಲಿ ಉಳಿದದ್ದು ಎಪ್ಪತ್ತನಾಲ್ಕು, ಬಿಸಿಲಲ್ಲಿ ಅರವತ್ತು, ನೆರಳಲ್ಲಿ ನಲವತ್ತೊಂಬತ್ತು.

ನೆರಳೇ ಗೆಲ್ಲುತ್ತದೆ ಎಂದು ನಾನು ತಿಳಿದಿದ್ದೆ. ತಂಪಾಗಿ, ನಿಧಾನವಾಗಿ, ಯಾರಿಗೂ ನೋವಾಗದ ಹಾಗೆ ಒಣಗಿಸುವುದು ಎಷ್ಟು ಸಭ್ಯವಾದ ವಿಧಾನ! ಆದರೆ ಸಂಜೆ ಸಂಜೆ ಮಳೆ ಬಿದ್ದು ಗಾಳಿಯೆಲ್ಲ ತೇವ. ನೆರಳಿನ ಸಿಪ್ಪೆ ಒಣಗಲು ನಾಲ್ಕು ದಿನ ತೆಗೆದುಕೊಂಡಿತು. ಅಷ್ಟೂ ದಿನ ಸಿಪ್ಪೆಯೊಳಗಿನ ಕಿಣ್ವಗಳು ಸುಮ್ಮನೆ ಕೂತಿರಲಿಲ್ಲ. ಕುಯ್ದಿಟ್ಟ ಬದನೆಕಾಯಿಯನ್ನು ಕಪ್ಪು ಮಾಡುವವು ಇವೇ. ತೇವ ಇರುವ ತನಕ ಒಳಗಿಂದ ತಿನ್ನುತ್ತಲೇ ಇರುತ್ತವೆ.

ಬೈರಪ್ಪ ಸರ್ ಪುಟ ತಿರುಗಿಸಿದರು. “ಸರಿಯಾಗೇ ಮಾಡಿದ್ದೀಯ. ಆದ್ರೆ ಇದೆಲ್ಲ ಪುಸ್ತಕದಲ್ಲಿರೋದೇ. ಇದ್ರಲ್ಲಿ ನಿಂದೇನು?”

“ಶ್ರಮ ಸಾರ್.”

ಅವರು ನಗಲಿಲ್ಲ. “ಇಬ್ರ ಪ್ರಾಜೆಕ್ಟು ಅಂತ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು. ನೀನು ಒಬ್ಳೇ ಮಾಡ್ತೀನಿ ಅಂದೆ, ನಾನು ಸರಿ ಅಂದೆ. ಇಷ್ಟೇ ತಗೊಂಡೋದ್ರೆ ಪರೀಕ್ಷಕರು ಒಪ್ಪಲ್ಲಮ್ಮಾ. ಇನ್ನೊಂದು ವರ್ಷ ಕೂರ್ಬೇಕಾಗ್ತದೆ.” ಆಮೇಲೆ ಎದ್ದು ಹೋಗುವಾಗ, “ಆ ಹುಡುಗಿ ಪ್ರಶ್ನೆ ಕೇಳ್ತಿದ್ಲು. ನೀನು ಉತ್ತರ ಹುಡುಕ್ತಿದ್ದೆ. ಈಗ ನಿನ್ನ ಕೇಳೋರೇ ಇಲ್ಲ,” ಎಂದರು.

ಪತ್ರ ಸಂಖ್ಯೆ 5. ಅಲಂಕಾರಗಳನ್ನು ಕೊಂಚ ಕಡಿಮೆ ಮಾಡಿದೆ. ಉತ್ತರವಿಲ್ಲ.

ಮೇ 25, ಭಾನುವಾರ

ರೇಷ್ಮೆ ಬಿಚ್ಚುವ ಶೆಡ್ಡಿಗೂ ರಜೆ. ಕೆಳಗಿನ ಸದ್ದೂ ಇಲ್ಲ.

ನಿನ್ನೆ ಕಾರಿಡಾರಿನಲ್ಲಿ ಜುವೇರಿಯಾ ಎದುರಾದಳು. ಪನೀರ್ ಗುಂಪಿನವರೊಂದಿಗೆ ನಗುತ್ತಿದ್ದಳು. ನನ್ನನ್ನು ಕಂಡು ನಗು ನಿಲ್ಲಿಸಲಿಲ್ಲ, ಹಾಗೆಯೇ ದಾಟಿ ಹೋದಳು. ನಿಲ್ಲಿಸಿದ್ದರೆ ವಾಸಿಯಿತ್ತು.

ಏಪ್ರಿಲ್ 21ರ ದಾಖಲೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಪತ್ರದ ಕತೆ ಅರ್ಧ ಗಂಟೆಯದ್ದು ಎಂಬುದು ನನ್ನ ಯೋಜನೆ. ಕ್ಲಾಸು ಮುಗಿಯುವಷ್ಟರಲ್ಲಿ ಅವಳು ಬ್ಯಾಗು ತೆರೆಯುತ್ತಾಳೆ, ಕಿರುಚುತ್ತಾಳೆ, ನಾನು ನಗುತ್ತೇನೆ, ಅವಳು ಹೊಡೆಯುತ್ತಾಳೆ. ಅವಳು ಬ್ಯಾಗು ತೆರೆದದ್ದು ಚನ್ನಪಟ್ಟಣದ ಬಸ್ಸಿನಲ್ಲಿ. ಅದು ರಂಜಾನಿನ ಕೊನೆಯ ವಾರ. ಸಂಜೆ ಉಪವಾಸ ಬಿಡಲು ನೆಂಟರೆಲ್ಲ ಸೇರಿದ್ದಾಗ ರಸೂಲ್ ಚಾಚಾ ಆ ಪತ್ರವನ್ನು ಎಲ್ಲರಿಗೂ ಓದಿ ಹೇಳಿದರಂತೆ. ಬೆಳಗ್ಗೆ ಎದ್ದವರೇ ಮೈಸೂರಿನ ಡೈರೆಕ್ಟರಿಗೆ ಕೊಡಲಿ ಎಂದು ಒಂದು ಪೆನ್ ಸ್ಟ್ಯಾಂಡ್ ಕಡೆದು, ಕೆಂಪು ಹಳದಿ ಅರಗು ಹಿಡಿಸಿ ಕಳಿಸಿದರು. ಅವಳು ಅದನ್ನು ಕಾಗದದಲ್ಲಿ ಸುತ್ತಿ ತಂದು ಮೊದಲು ನನಗೇ ತೋರಿಸಿದಳು.

ನಾನು ನಕ್ಕೆ.

ಆಗ ಯಾಕೆ ನಕ್ಕೆನೋ ಗೊತ್ತಿಲ್ಲ. ಮುಖಕ್ಕೆ ಬೇರೆ ಕೆಲಸ ಬರುತ್ತಿರಲಿಲ್ಲ.

ಪತ್ರ ಸಂಖ್ಯೆ 6ರಲ್ಲಿ ‘ಮಾನ್ಯರೇ’ ಇಲ್ಲ. ಉತ್ತರವೂ ಇಲ್ಲ.

ಮೇ 28, ಬುಧವಾರ

ಖುರ್ಷಿದಾ ಆಪಾ ಮಾರುಕಟ್ಟೆಯಿಂದ ಗೂಡು ತಂದಿದ್ದರು. ಬಿಚ್ಚುವ ಕೆಲಸ ಎರಡು ದಿನ ತಡ ಎಂದು ಅವನ್ನು ಕರೆಂಟಿನ ಪೆಟ್ಟಿಗೆಯಲ್ಲಿ ಒಣಗಿಸುತ್ತಿದ್ದರು. ಅವರು ಅದನ್ನು ‘ಡಬ್ಬಾ’ ಎನ್ನುತ್ತಾರೆ. ನಾನು ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ನಮ್ಮದು ಹುಳ ಸಾಕುವ ಮನೆ. ಹುಳಕ್ಕೆ ಬಿಸಿಲು ತಾಗದ ಹಾಗೆ, ಗಾಳಿ ತಾಗದ ಹಾಗೆ ನೋಡಿಕೊಂಡು, ಗೂಡನ್ನು ಜೀವಂತ ತಂದು ಮಾರಿ ಬಸ್ಸು ಹತ್ತುತ್ತೇವೆ. ಆಮೇಲೆ ಅದರ ಗತಿ ಏನಾಗುತ್ತದೆಂದು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ಎಷ್ಟು ಡಿಗ್ರಿ ಇಡ್ತೀರಾ ಆಪಾ?”

“ಮೊದ್ಲು ನೂರಾ ಹತ್ತು.”

“ಅಯ್ಯೋ! ಅರವತ್ತರಲ್ಲಿ ಮೆಲ್ಲಗೆ ಒಣಗಿಸಬಾರದಾ?”

“ಮೆಲ್ಲಗೆ ಅಂತ ಕುಂತ್ರೆ ಆಯ್ತು ಕತೆ. ಒಳಗಿರೋ ಹುಳ ಸಾಯಲ್ಲ, ರೆಕ್ಕೆ ಕಟ್ಕಂಡು ಗೂಡು ತೂತು ಮಾಡಿ ಎದ್ದೋಗ್ತದೆ. ನೂಲೆಲ್ಲ ತುಂಡು ತುಂಡು. ಮೊದ್ಲು ಜೋರು ಬಿಸಿ ಕೊಟ್ಟು ಅದ್ನ ಮುಗಿಸ್ಬೇಕು. ಆಮೇಲೆ ಒಸಿ ಒಸಿ ಇಳಿಸ್ತಾ ಬರ್ಬೇಕು. ಜೋರಲ್ಲೇ ಬುಟ್ರೆ ಎಳೆ ಸುಟ್ಟೋಗ್ತದೆ.” ಬಾಗಿಲ ಸಂದಿಗೆ ಅಂಗೈ ಹಿಡಿದು ನೋಡಿ ಗುಂಡಿ ತಿರುಗಿಸಿದರು. “ನಿನ್ ಸಿಪ್ಪೆಗೂ ಹಂಗೇ ಮಾಡು. ಅದ್ರೊಳ್ಗೂ ತಿನ್ನೋದು ಏನೋ ಕುಂತೈತೆ ಅಂದ್ಯಲ್ಲ.”

“ಅದು ಹುಳ ಅಲ್ಲ ಆಪಾ, ಕಿಣ್ವ.”

“ಹೆಸ್ರು ಬೇರೆ ಇಟ್ಬುಟ್ರೆ ಬುದ್ಧಿ ಬೇರೆ ಆಗ್ತದಾ?”

ಕೈ ಒರೆಸಿಕೊಳ್ಳುತ್ತಾ ಕೇಳಿದರು: “ಮುಂಚೆ ನಿನ್ ಜೊತೆ ಬರ್ತಿದ್ಲಲ್ಲ, ಕನ್ನಡಕದೋಳು. ಕಾಣ್ಸೋದೇ ಇಲ್ಲ. ಜಗಳಾನಾ?”

“ಇಲ್ಲ ಆಪಾ. ರಾಜತಾಂತ್ರಿಕ ಭಿನ್ನಾಭಿಪ್ರಾಯ.”

“ಅದೆಲ್ಲ ನಂಗೊತ್ತಿಲ್ಲ. ತಪ್ಪು ಯಾರ್ದು?”

“ತನಿಖೆ ನಡೀತಾ ಐತೆ.”

“ಹೂಂ,” ಎಂದರು. ಆ ಹೂಂಕಾರ ನನಗೆ ಹಿಡಿಸಲಿಲ್ಲ.

ಜೂನ್ 3, ಮಂಗಳವಾರ

ಎಷ್ಟೋ ದಿನಗಳ ಮೇಲೆ ಒಂದು ಯೋಗ್ಯ ತಮಾಷೆ ಹೊಳೆದಿದೆ. ಸಿಪ್ಪೆಗೆ ಆಪಾ ಹೇಳಿದ ಹಾಗೆಯೇ ಗೂಡಿನ ಬಿಸಿ ಕೊಡುವುದು. ಅದು ಕರಕಲಾಗುತ್ತದೆ. ಆ ಕರಕಲನ್ನು ಗಾಜಿನ ಭರಣಿಗೆ ಹಾಕಿ, ‘ಸಿಪ್ಪೆಶಾಸ್ತ್ರ ವಿಶಾರದೆ ಖುರ್ಷಿದಾ ಆಪಾ ಅವರಿಗೆ ಸಮರ್ಪಣೆ’ ಎಂಬ ಪ್ರಮಾಣಪತ್ರದೊಂದಿಗೆ ಶೆಡ್ಡಿನಲ್ಲಿ ಎಲ್ಲರೆದುರು ಓದುವುದು. ಪ್ರಮಾಣಪತ್ರ ಬರೆದಾಯಿತು. ಅಮೋಘವಾಗಿದೆ.

ಡಬ್ಬಾದಲ್ಲಿ ಹುಳದ ವಾಸನೆ ಇರುವುದರಿಂದ ಕಾಲೇಜಿನ ಓವನ್ನನ್ನೇ ಹಿಡಿದೆ. ನೂರು ಡಿಗ್ರಿ ಹತ್ತು ನಿಮಿಷ. ಆಮೇಲೆ ಎಂಬತ್ತು, ಎಪ್ಪತ್ತು, ಕೊನೆಗೆ ಐವತ್ತೈದರಲ್ಲಿ ಒಣಗುವ ತನಕ. ಪ್ರತಿ ಇಳಿತಕ್ಕೂ ಎದ್ದು ಗುಂಡಿ ತಿರುಗಿಸಬೇಕು, ತೂಕ ನೋಡಬೇಕು. ಇಬ್ಬರಿದ್ದರೆ ಸುಲಭ.

ತೆಗೆದಾಗ ಕರಕಲಾಗಿರಲಿಲ್ಲ. ಹಳದಿ ಇನ್ನೂ ಹಳದಿಯಾಗಿಯೇ ಇತ್ತು.

ಜೂನ್ 7, ಶನಿವಾರ

ಬಕ್ರೀದ್. ನಾಲ್ಕು ವರ್ಷ ಈ ದಿನ ಜುವೇರಿಯಾ ಮನೆಯಲ್ಲಿ ಉಂಡಿದ್ದೇನೆ. ರಸೂಲ್ ಚಾಚಾ ನನ್ನ ತಟ್ಟೆಗೇ ಮೊದಲು ಬಡಿಸಿ, “ಉಯ್ಯಂಬಳ್ಳಿ ಮೇಡಂಗೆ ಹಾಕಿ, ದೂರದಿಂದ ಬಂದವ್ರೆ,” ಎನ್ನುತ್ತಿದ್ದರು.

ಆಪಾ ಮಹಡಿಗೇ ಬಿರಿಯಾನಿ ತಂದರು. ಕೂತು ತಿನ್ನುವ ತನಕ ಬಾಗಿಲಲ್ಲೇ ನಿಂತಿದ್ದರು. ಏನಾದರೂ ಕೇಳಲಿ ಎಂದು ಕಾದೆ, ಕೇಳಲಿಲ್ಲ.

ಪತ್ರ ಸಂಖ್ಯೆ 9: ‘ಈದ್ ಮುಬಾರಕ್. ಚಾಚಾ ಅವರಿಗೆ ಸಲಾಂ ಹೇಳು.’ ಉತ್ತರ ಬರಲಿಲ್ಲ.

ಜೂನ್ 12, ಗುರುವಾರ

ನೂರಕ್ಕೆ ಎಂಬತ್ತೆಂಟು.

ತಪ್ಪಿರಬೇಕೆಂದು ಮತ್ತೆ ಮಾಡಿದೆ. ಎಂಬತ್ತೇಳು. ಬೇರೆ ಸಿಪ್ಪೆಯಲ್ಲಿ ಮತ್ತೆ ಮೊದಲಿಂದ ಮಾಡಿದೆ. ಎಂಬತ್ತೊಂಬತ್ತು. ನಳಿಕೆಯಲ್ಲಿನ ನೀಲಿ ನೋಡಿ ಲ್ಯಾಬಿನಲ್ಲಿ ಒಬ್ಬಳೇ “ಲೇ!” ಎಂದು ಕೂಗಿದೆ. ಯಾರನ್ನು ಕರೆದೆ ಎಂದು ನನಗೇ ನಾಚಿಕೆಯಾಯಿತು.

ಮೊದಲ ಹತ್ತು ನಿಮಿಷದ ಜೋರು ಬಿಸಿಗೆ ಕಿಣ್ವಗಳು ಸತ್ತಿವೆ. ತಿನ್ನುವವೇ ಇಲ್ಲದ ಮೇಲೆ ಮೆಲ್ಲಗೆ ಒಣಗಿದರೂ ನಷ್ಟವಿಲ್ಲ. ಎಲ್ಲವೂ ಉಳಿಯಿತೆಂದಲ್ಲ: ವಿಟಮಿನ್ ಸಿ ಬರೀ ಅರವತ್ತು ಡಿಗ್ರಿ ಕೊಟ್ಟದ್ದಕ್ಕಿಂತ ಒಂದಿಷ್ಟು ಕಡಿಮೆಯೇ ಉಳಿದಿದೆ. ಅದು ಬಿಸಿ ತಾಳುವುದಿಲ್ಲ. ಅದನ್ನೂ ಬರೆಯುತ್ತೇನೆ.

ಬೈರಪ್ಪ ಸರ್ ಮೂರು ಸಲ ಓದಿದರು. “ಬಿಸಿನೀರಲ್ಲಿ ಅದ್ದಿ ಕಿಣ್ವ ಕೊಲ್ಲೋದು ಗೊತ್ತು. ನೀರೇ ಇಲ್ದೆ, ಒಂದೇ ಪೆಟ್ಟಿಗೇಲಿ, ಇಳಿಸ್ತಾ ಬರೋದು... ಎಲ್ಲಿ ಓದ್ದೆ ಇದನ್ನ?”

“ಕೆಳಗಿನ ಮನೇಲಿ ಸಾರ್.”

ಪ್ರಮಾಣಪತ್ರವನ್ನು ಶೆಡ್ಡಿನಲ್ಲಿ ಓದಲಿಲ್ಲ. ಹರಿದೆ.

ಜೂನ್ 16, ಸೋಮವಾರ

ಕೊನೆಯ ಸುತ್ತಿಗೆ ಖುರ್ಷಿದಾ ಆಪಾರನ್ನು ಲ್ಯಾಬಿಗೆ ಕರೆದಿದ್ದೆ. ಹೊಸ ಬುರ್ಖಾ ತೊಟ್ಟು, ಕೈಯಲ್ಲಿ ಒಂದು ಡಬ್ಬಿ ಶಾವಿಗೆ ಪಾಯಸ ಹಿಡಿದು ಬಂದರು. ಓವನ್ನಿನ ಮುಂದೆ ಅಂಗೈ ಹಿಡಿದರು. ಡಿಗ್ರಿ ತೋರಿಸುವ ಕೆಂಪು ಅಂಕಿಯ ಕಡೆ ನೋಡಲೂ ಇಲ್ಲ. ಒಂದು ಸಿಪ್ಪೆ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದರು. ಪಟ್ ಎಂದಿತು.

“ಆಗೈತೆ. ತೆಗಿ.”

ತೂಕ ಮಾಡಿದೆ. ಆಗಿತ್ತು.

ವರದಿಯ ಕರಡಿನಲ್ಲಿ ಅವರ ಹೆಸರು ತೋರಿಸಿದೆ. ಕನ್ನಡದಲ್ಲಿ ಓದಿ ಹೇಳಿದೆ: ‘ಈ ಕ್ರಮವನ್ನು ಸೂಚಿಸಿದವರು ರಾಮನಗರದ ರೇಷ್ಮೆ ರೀಲರ್ ಖುರ್ಷಿದಾ.’

“ಯಾಕಮ್ಮಾ ಇದೆಲ್ಲ? ಮೂವತ್ತು ವರ್ಷದಿಂದ ಮಾಡ್ತಾ ಇವ್ನಿ, ಯಾರೂ ಬರ್ಕಂಡಿಲ್ಲ.” ಅಷ್ಟಂದು ಬೆರಳಿಂದ ಆ ಸಾಲನ್ನು ಮುಟ್ಟಿ ನೋಡಿದರು. “ಇದೇನಾ?”

“ಇದೇ.”

ಹೋಗುವಾಗ ಹೇಳಿದರು: “ಲ್ಯಾಬ್ ಎಲ್ಲೈತೆ ಅಂತ ಕೇಳ್ದಾಗ ನಿನ್ ಕನ್ನಡಕದೋಳೇ ಬಾಗಿಲ್ತನಕ ಕರ್ಕೊಂಡು ಬಂದ್ಲು. ಒಳ್ಗೆ ಬಾರಮ್ಮಾ ಅಂದೆ. ಒಂದ್ ಗಳಿಗೆ ನಿಂತಿದ್ದು ಹೊಂಟೋದ್ಲು.”

ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ಪಾಯಸ ಆರುವ ತನಕ ಮುಟ್ಟಲಿಲ್ಲ.

ಜೂನ್ 22, ಭಾನುವಾರ

ವರದಿ ಬೈಂಡಿಂಗಿಗೆ ಹೋಯಿತು. ಚಂದ್ರಿಕೆಯ ತಪ್ಪಿಗೂ ಒಂದು ಪುಟ ಕೊಟ್ಟಿದ್ದೇನೆ. ಬೇಡ, ಮಾರ್ಕ್ಸ್ ಹೋಗುತ್ತದೆ ಎಂದರು ಬೈರಪ್ಪ ಸರ್. ಇರಲಿ ಸಾರ್ ಎಂದೆ.

ಪತ್ರ ಸಂಖ್ಯೆ 11: ‘ತಪ್ಪು ನನ್ನದು.’ ಉತ್ತರವಿಲ್ಲ.

ಜೂನ್ 27, ಶುಕ್ರವಾರ

ಮುಗಿಯಿತು. ಪಾಸು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕಟ್ಟುನಿಟ್ಟಿನ ಮನುಷ್ಯ. ಬ್ಲೀಚಿಂಗ್ ಪುಟಕ್ಕೆ ಬಂದಾಗ ಕನ್ನಡಕದ ಮೇಲಿಂದ ನೋಡಿದರು. “ಇದು ನಿಮಗೆ ಮೊದಲೇ ವಾಸನೆ ಬರಲಿಲ್ಲವಾ?”

“ಬರಲಿಲ್ಲ ಸಾರ್. ನಮ್ಮನೆ ವಾಸನೆ ಅದು.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಗುರುತಿನ ನಗು. ನಾನು ತಿರುಗಲಿಲ್ಲ.

ವಿದ್ಯಾರ್ಥಿಗಳು ಯಾರಾದರೂ ಪ್ರಶ್ನೆ ಕೇಳಬಹುದು ಎಂದಾಗ ಜುವೇರಿಯಾ ಎದ್ದು ನಿಂತಳು. ಕನ್ನಡಕ ತೆಗೆದು ಒರೆಸಿದಳು. “ನೂರು ಡಿಗ್ರಿ ಹತ್ತು ನಿಮಿಷ ಅಂತೀರಾ. ಐದೇ ನಿಮಿಷ ಸಾಕಾದ್ರೆ ವಿಟಮಿನ್ ಸಿ ಇನ್ನಷ್ಟು ಉಳೀತಿತ್ತಲ್ಲ? ಐದು ನಿಮಿಷ ಯಾಕೆ ನೋಡ್ಲಿಲ್ಲ?”

ಎರಡು ತಿಂಗಳಲ್ಲಿ ನನಗೆ ಹೊಳೆಯದಿದ್ದ ಪ್ರಶ್ನೆ. “ಹೊಳೀಲಿಲ್ಲ,” ಎಂದೆ. “ಕೇಳೋರು ಇರ್ಲಿಲ್ಲ.”

ಅವಳು ಕೂತಳು. ಪರೀಕ್ಷಕರು ಅದನ್ನು ಮುಂದಿನ ಕೆಲಸ ಎಂದು ಬರೆದುಕೊಂಡರು.

ಹೊರಗೆ ನೀರಿನ ನಲ್ಲಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದಳು. ಹೋಗಿ ನಿಂತೆ. ಬಾಟಲಿ ತುಂಬಿ ಚೆಲ್ಲಿತು, ಆದರೂ ನಲ್ಲಿ ನಿಲ್ಲಿಸಲಿಲ್ಲ.

“ಏನಾದ್ರೂ ಹೇಳೋದಿದ್ರೆ ಹೇಳು,” ಎಂದಳು. “ಸೀಲು ಗೀಲು ಹಾಕ್ಬೇಡ.”

“ತಪ್ಪು ನಂದು ಕಣೇ. ನೀನು ಪೆನ್ ಸ್ಟ್ಯಾಂಡ್ ತೋರಿಸ್ದಾಗ ನಾನು ನಗಬಾರ್ದಿತ್ತು.”

ನಲ್ಲಿ ನಿಲ್ಲಿಸಿದಳು. “ತಪ್ಪು ಪತ್ರ ಬರ್ದಿದ್ದಲ್ಲ, ನಕ್ಕಿದ್ದು. ಅಷ್ಟು ಗೊತ್ತಾಗಿದೆಯಲ್ಲ ನಿಂಗೆ.” ಮುಚ್ಚಳ ತಿರುಗಿಸಿದಳು. “ಅಬ್ಬಾ ಈಗ್ಲೂ ಕೇಳ್ತಾರೆ, ಉಯ್ಯಂಬಳ್ಳಿ ಮೇಡಂ ಯಾಕೆ ಬರಲ್ಲ ಅಂತ. ಪತ್ರ ಯಾರು ಬರೆದ್ರು ಅಂತ ನಾನು ಹೇಳಿಲ್ಲ. ನೀನೇ ಬಂದು ಹೇಳು. ಭಾನುವಾರ ಮನೇಲಿರ್ತಾರೆ.”

“ಹೊಡೀತಾರಾ?”

“ಊಟ ಹಾಕ್ತಾರೆ. ಅದೇ ನಿಂಗೆ ಕಷ್ಟ.”

ಹೋಗುತ್ತೇನೆ. ಏನು ಹೇಳಬೇಕೆಂದು ಬರೆದುಕೊಳ್ಳಲು ಕೂತೆ. ಒಂದು ಸಾಲಿಗಿಂತ ಹೆಚ್ಚು ಬರಲಿಲ್ಲ.

ಇನ್ನೊಂದು ಸಣ್ಣ ವಿಷಯವಿದೆ. ನೋಟ್‌ಬುಕ್ಕೇ, ನಿನಗಾದರೂ ಹೇಳಿಬಿಡುತ್ತೇನೆ. ಆ ಹನ್ನೊಂದು ಪತ್ರಗಳೂ ನನ್ನ ಫೋನಿನಲ್ಲೇ ಇವೆ. ಉತ್ತರ ಬರಲಿಲ್ಲ ಎಂದು ಬರೆದದ್ದೆಲ್ಲ ನಿಜ. ಕಳುಹಿಸಿದೆ ಎಂಬುದು ಮಾತ್ರ ಸುಳ್ಳು.